ಮಾವನವರ ವಿಳಾಸ

ಮುಂಗಾರಿನ ಮೊದಲ ಸಿಡಿಲು ಗುಂಡ್ಲುಪೇಟೆಯ ಮೇಲೆ ಎರಗಿ, ಇಡೀ ಊರನ್ನು ಹುಡುಕಿ ನೋಡಿ, ಕೊನೆಗೆ ಸೋಮೇಶನ ಮನೆಯ ಕಂಪ್ಯೂಟರಿನೊಳಗಿದ್ದ ಅಂಗೈಯಗಲದ ನೆಟ್ ಕಾರ್ಡೊಂದನ್ನು ಸುಟ್ಟು ಹೋಯಿತು. ಸೋಮೇಶನಿಗೆ ಆಶ್ಚರ್ಯವೇನೂ ಆಗಲಿಲ್ಲ. ತನ್ನ ಹಣೆಬರಹದ ಮೇಲೆ ಅವನಿಗೆ ಅಷ್ಟರಮಟ್ಟಿಗೆ ನಂಬಿಕೆಯಿತ್ತು.

ಸೋಮೇಶನ ಮನೆ ಎಂದದ್ದು ತಪ್ಪಾಯಿತು. ಮನೆ ಅವನ ಮಾವ ಚಿಕ್ಕಮಲ್ಲಪ್ಪನವರದು. ಈರುಳ್ಳಿ ಮಂಡಿಯ ಚಿಕ್ಕಮಲ್ಲಪ್ಪನವರೆಂದರೆ ಊರಿಗಿರಲಿ, ಆ ರಸ್ತೆಯಲ್ಲಿ ಓಡಾಡುವ ಕೇರಳದ ಲಾರಿ ಡ್ರೈವರುಗಳಿಗೂ ಗೊತ್ತು. ಅವರು ಲಿಂಗೈಕ್ಯರಾಗಿ ಮೂರು ವರ್ಷವಾಗಿತ್ತು. ಶಿವಗಣಾರಾಧನೆಯ ದಿನ ಪಂಕ್ತಿಗೆ ಬಡಿಸಿ ಬಡಿಸಿ ಹಿಡಿದುಕೊಂಡ ಸೋಮೇಶನ ಸೊಂಟ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಆದರೂ ಮಾವನವರು ಹೋಗಿದ್ದಾರೆಂದು ಆ ಮನೆಯಲ್ಲಿ ನಂಬಿದ್ದವನು ಅವನೊಬ್ಬನೇ. ಅವರ ಚಪ್ಪಲಿ ಬಾಗಿಲ ಬಳಿ ಹಾಗೇ ಇತ್ತು. "ಮನೇಲಿ ಗಂಡಸು ಅವ್ರೆ ಅಂತ ಕಳ್ಳಕಾಕರಿಗೆ ಗೊತ್ತಾಗ್ಲಿ" ಎಂದು ಅತ್ತೆ ದೊಡ್ಡಮಲ್ಲಮ್ಮ ಪ್ರತಿ ಸೋಮವಾರ ಅದರ ಧೂಳು ಒರೆಸಿಡುತ್ತಿದ್ದರು. ಅವರು ಹಾಗೆನ್ನುವಾಗ ಸೋಮೇಶ ಪಕ್ಕದಲ್ಲೇ ನಿಂತಿರುತ್ತಿದ್ದ.

ನಡುಮನೆಯಲ್ಲಿ ಮಾವನವರ ತೇಗದ ಆರಾಮಕುರ್ಚಿ ಇತ್ತು. ಅದರಲ್ಲಿ ಯಾರೂ ಕೂರುವಂತಿಲ್ಲ. ಅದರ ಮೇಲಿನ ಗೋಡೆಯಲ್ಲಿ ಮಾವನವರ ಫೋಟೊ: ಚಾಮರಾಜನಗರದಲ್ಲಿರುವ ತಮ್ಮ ಹಿರಿಯರ ಮನೆಯ ಮುಂದೆ ಪಂಚೆಯುಟ್ಟು ನಿಂತಿದ್ದಾರೆ. ಮಂಡಿಗೋಸ್ಕರ ಆ ಮನೆ ಬಿಟ್ಟು ಬಂದದ್ದಂತೆ, ಈಗ ಯಾರೋ ಎಣ್ಣೆ ವ್ಯಾಪಾರದವರು ಬಾಡಿಗೆಗಿದ್ದಾರಂತೆ. ಫೋಟೊದ ಕೆಳಗೆ ಕಂಪ್ಯೂಟರು, ಅದರ ಮುಂದೆ ಒಂದು ನೀಲಿ ಪ್ಲಾಸ್ಟಿಕ್ ಸ್ಟೂಲು. ಆ ಸ್ಟೂಲು ಸೋಮೇಶನದು. ತಾಲೂಕಿನ ಗಡಿಯ ಮದ್ದೂರು ಕಾಡಿನ ಪಕ್ಕದ ಹಳ್ಳಿಯಿಂದ ಮನೆ ಅಳಿಯನಾಗಿ ಬಂದು ಏಳು ವರ್ಷದಲ್ಲಿ ಅವನು ಸಂಪಾದಿಸಿದ್ದ ಆಸನ ಅದೊಂದೇ. ಊರಿನಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರೂ ಇರಲಿಲ್ಲ. ಎಲ್ಲರ ಬಾಯಲ್ಲೂ ಅವನು ಚಿಕ್ಕಮಲ್ಲಪ್ಪನವರ ಅಳಿಯ. ಅವನಿಗಿದ್ದ ಒಂದೇ ಸಮಾಧಾನವೆಂದರೆ, ಬೀದಿಗೋಡೆಯ ಮೇಲೆ ಹಸಿರು ಬಣ್ಣದಲ್ಲಿ ಬರೆಸಿದ್ದ 'ಚಿಕ್ಕಮಲ್ಲಪ್ಪ ನಿಲಯ' ಎಂಬ ಹೆಸರು ಮಳೆಗಾಲಕ್ಕೊಂದು ಅಕ್ಷರದಂತೆ ಮಾಸುತ್ತಿತ್ತು. ದಿನಾ ಕಚೇರಿಗೆ ಹೋಗುವಾಗ ಅವನು ಅದನ್ನೊಮ್ಮೆ ನೋಡಿಕೊಂಡು ಹೋಗುತ್ತಿದ್ದ.

ಇಂಥವನಿಗೆ ಆ ವರ್ಷ, ಎರಡು ಸಾವಿರದ ಏಳರಲ್ಲಿ, ದೇವರು ಕಣ್ಣು ಬಿಟ್ಟ. ಸೋಮೇಶ ಗುಮಾಸ್ತನಾಗಿದ್ದ ಇಲಾಖೆಯವರು ವರ್ಗಾವಣೆಗೆ ಬೇಕಾದ ಊರನ್ನು ನೌಕರರೇ ಕಂಪ್ಯೂಟರಿನಲ್ಲಿ ಆರಿಸಿಕೊಳ್ಳಬೇಕೆಂದು ಹೊಸದಾಗಿ ನಿಯಮ ಮಾಡಿದರು. ಅವನಿಗೆ ಎರಡು ಊರು ಖಾಲಿಯಿದ್ದವು: ಚಾಮರಾಜನಗರ, ಕೊಳ್ಳೇಗಾಲ. ಸೋಮವಾರ ಸಂಜೆ ಐದರೊಳಗೆ ಆರಿಸದಿದ್ದರೆ ಇನ್ನೈದು ವರ್ಷ ಇದ್ದಲ್ಲೇ ಇರಬೇಕು. ಸೋಮೇಶ ಚಾಮರಾಜನಗರ ಎಂದು ಮನಸ್ಸಿನಲ್ಲೇ ನಿಶ್ಚಯಿಸಿದ. ಯಜಮಾನರು ಬಾಳಿದ ಮನೆ ಬಿಟ್ಟು ಅತ್ತೆ ಹೊಸಿಲು ದಾಟುವವರಲ್ಲ. ಸುತ್ತಿನವರೆಲ್ಲ ಬರೀ ನಗರ ಎನ್ನುವ ಆ ಊರಿನಲ್ಲಿ ಎರಡು ಕೋಣೆಯ ಒಂದು ಬಾಡಿಗೆ ಮನೆ ಹಿಡಿದರೆ, ಅಲ್ಲಿ ತನ್ನ ಚಪ್ಪಲಿಯೂ ಚಪ್ಪಲಿ, ತನ್ನ ಕುರ್ಚಿಯೂ ಕುರ್ಚಿ. ಈ ಗುಟ್ಟನ್ನು ಅವನು ಹೆಂಡತಿ ದಾನೇಶ್ವರಿಗೆ ಮಾತ್ರ ಹೇಳಿದ್ದ. ಅವಳು "ಹೂಂ" ಎಂದಿದ್ದಳು.

ಕಚೇರಿಯ ಕಂಪ್ಯೂಟರಿನಲ್ಲಿ ಈ ಕೆಲಸ ಮಾಡುವಂತಿರಲಿಲ್ಲ. ಅದಿದ್ದ ಕೋಣೆಯ ಬೀಗದ ಕೈ ಇದ್ದದ್ದು ಅತ್ತೆಯ ತಂಗಿಯ ಗಂಡನ ಹತ್ತಿರ. ಬಸ್‌ಸ್ಟ್ಯಾಂಡಿನ ಬ್ರೌಸಿಂಗ್ ಸೆಂಟರು ಮಾವನವರ ಮಂಡಿ ಪಾಲುದಾರರ ಮಗನದು. ಉಳಿದದ್ದು ಮನೆಯ ಕಂಪ್ಯೂಟರು. ಬೇರೆ ಊರುಗಳ ಈರುಳ್ಳಿ ಧಾರಣೆ ನೋಡಲೆಂದು ಮಾವನವರೇ ಕೊನೆಗಾಲದಲ್ಲಿ ಕೊಂಡದ್ದು ಅದು. ಅದನ್ನೇ ಸಿಡಿಲು ಬಡಿದಿತ್ತು.

ಕೇಬಲ್ ವಸೀಂ ಭಾನುವಾರ ಬಂದು ಸುಟ್ಟ ಕಾರ್ಡು ಕಿತ್ತು ಹೊಸದು ಕೂರಿಸಿದ. ಟಿವಿ ಕೇಬಲ್ಲಿನ ಜೊತೆಗೆ ಮಾಳಿಗೆಯಿಂದ ಮಾಳಿಗೆಗೆ ತಂತಿ ಎಳೆದು ಬೀದಿಬೀದಿಗೆ ಇಂಟರ್ನೆಟ್ ಕೊಡುತ್ತಿದ್ದವನು ಅವನು. "ವಿಳಾಸ ಒಂದು ಹಾಕ್ಬಿಡಿ ಸಾರ್, ನಿಮ್ದು ಹದಿನೇಳು. ಮನೆಗೊಂದು ನಂಬರು, ಅದನ್ನ ಹಾಕಿದ್ರೇನೇ ನೆಟ್ ಬರೋದು" ಎಂದು ಹೇಳಿ, ತಂಗಿಯ ಮದುವೆಗೆಂದು ಚಾಮರಾಜನಗರಕ್ಕೆ ಹೊರಟುಹೋದ.

ಸೋಮವಾರ ಬೆಳಿಗ್ಗೆ ಸೋಮೇಶ ಹೊಟ್ಟೆನೋವೆಂದು ಕಚೇರಿಗೆ ರಜೆ ಹಾಕಿದ. ಇದು ಅವನು ಮಾಡಿದ ಮೊದಲನೇ ತಪ್ಪು. ಏಕೆಂದರೆ ಅತ್ತೆ ಆ ದಿನ ಯಾವ ಹಬ್ಬವೂ ಇಲ್ಲದೆ ಒಬ್ಬಟ್ಟಿಗೆ ಬೇಳೆ ಬೇಯಿಸುತ್ತಿದ್ದರು.

"ಇವತ್ತೇನತ್ತೆ ವಿಶೇಷ?" ಎಂದು ಅವನು ಮೂಗರಳಿಸಿ ಕೇಳಿದ.

"ಯಾಕೋ ಮನಸ್ಸಾಯ್ತು ಕಣಪ್ಪ. ನಿಮ್ಗೆ ಒಟ್ಟೆನೋವಂತಲ್ಲ, ಒಬ್ಬಟ್ಟು ಮುಟ್ಟಂಗಿಲ್ಲ. ಗಂಜಿ ಕಾಯಿಸಿವ್ನಿ" ಎಂದು ಅವರು ಒಂದು ಲೋಟ ಜೀರಿಗೆ ಕಷಾಯವನ್ನು ಕೈಗಿತ್ತು, ಕುಡಿಯುವವರೆಗೂ ನಿಂತಿದ್ದರು.

ಸೋಮೇಶ ಕಹಿ ಬಾಯಲ್ಲೇ ಸ್ಟೂಲಿನ ಮೇಲೆ ಕುಳಿತ. ವಿಳಾಸದ ಜಾಗದಲ್ಲಿ ಹದಿನೇಳನ್ನು ಒತ್ತಿದ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಉದ್ದನೆಯ ತಕರಾರು ಬಂದು ನಿಂತಿತು. ಅಳಿಸಿ ಮತ್ತೆ ಒತ್ತಿದ, ಅದೂ ಮತ್ತೆ ಬಂತು. ಕಿಟಕಿಯ ಬಳಿ ಹೋಗಿ ವಸೀಂನ ಮೊಬೈಲಿಗೆ ಫೋನ್ ಮಾಡಿದ. ಆ ಕಡೆ ಮದುವೆಮನೆಯ ಅಡುಗೆಯವರ ಗಲಾಟೆ, ಪಾತ್ರೆಗಳ ಸದ್ದು.

"ಏನಂತದೆ ಸಾರ್ ಅದು? ಓದಿ ಹೇಳಿ" ಎಂದ ವಸೀಂ.

ಸೋಮೇಶ ಒಂದೊಂದೇ ಸಾಲು ಓದಿ ಅರ್ಥ ಹೇಳಿದ. "ಈ ವಿಳಾಸ ಈಗಾಗ್ಲೇ ಬೇರೆ ಕಾರ್ಡಿನ ಹೆಸರಲ್ಲಿದೆಯಂತೆ. ಆ ಕಾರ್ಡು ಈಗ ಈ ಕಂಪ್ಯೂಟರಲ್ಲಿ ಇಲ್ಲವಂತೆ. ಇಲ್ಲದ್ದರಿಂದ ಕಣ್ಣಿಗೆ ಕಾಣಲ್ಲವಂತೆ. ಆದ್ರೂ ವಿಳಾಸ ಅದರದ್ದೇ ಅಂತೆ."

ಹೇಳುತ್ತಾ ಹೇಳುತ್ತಾ ಅವನ ದನಿ ಇಳಿಯಿತು. ಏಳು ವರ್ಷದಲ್ಲಿ ಅವನ ಕಷ್ಟವನ್ನು ಯಾರೂ ಇಷ್ಟು ಚೆನ್ನಾಗಿ ಬಿಡಿಸಿ ಹೇಳಿರಲಿಲ್ಲ.

"ಅದೇ ಸಾರ್, ಕಾರ್ಡು ಕಿತ್ತಾಕಿದ್ರೂ ಅದರ ಸೆಟ್ಟಿಂಗು ಒಳಗೇ ಕೂತಿರ್ತದೆ. ಅದನ್ನ ತೆಗೀಬೇಕು. ಹದಿನೈದು ನಿಮಿಷ್ದ ಕೆಲಸ."

"ಬೇರೆ ನಂಬರು ಹಾಕಿದ್ರೆ?"

"ಎಲ್ಲಿಂದ ತರ್ಲಿ ಸಾರ್? ಹದಿನಾರು ಡಾಕ್ಟ್ರದ್ದು, ಹದಿನೆಂಟು ಈರಮ್ಮಂದು. ನಿಮ್ದು ಹದಿನೇಳೇ."

ಸೋಮೇಶ ತಿರುಗಿ ನೋಡಿದರೆ ದೊಡ್ಡಮಲ್ಲಮ್ಮ ಮೊರ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಯಾರದು, ಇಲ್ದಿದ್ರೂ ವಿಳಾಸ ಬುಡಕಿಲ್ಲ ಅಂತ ಕೂತವ್ರೆ?" ಎಂದು ಕೇಳಿದರು.

"ಏನಿಲ್ಲ ಅತ್ತೆ. ಸುಟ್ಟೋಯ್ತಲ್ಲ, ಹಳೇ ಕಾರ್ಡು. ಅದರ ಸೆಟ್ಟಿಂಗು. ಕಚೇರಿ ಕೆಲಸ ಒಂದಿತ್ತು, ಅದಕ್ಕೆ."

"ನಿಮ್ ಮಾವ್ನೋರು ಆಕ್ಸಿದ್ದಾ ಆ ಕಾರ್ಡು?"

"ಹೂಂ."

"ಮತ್ತೆ. ಅವ್ರ ಕಾಲದ್ದು ಅಂದ್ಮೇಲೆ ಅಷ್ಟು ಸಲೀಸಾಗಿ ಬುಟ್ಕೊಟ್ಟದಾ" ಎಂದು ಅವರು ಹೆಮ್ಮೆಯಿಂದ ಹೇಳಿ ಒಳಗೆ ಹೋದರು.

ವಸೀಂ ಫೋನಿನಲ್ಲೇ ದಾರಿ ತೋರಿಸತೊಡಗಿದ. ಮೊದಲು ಒಂದು ಕಪ್ಪು ಕಿಟಕಿ ತೆರೆಯಬೇಕು, ಅದರಲ್ಲಿ ಮಂತ್ರದಂಥ ಒಂದು ಸಾಲು ಬರೆಯಬೇಕು. ವಸೀಂ ಒಂದೊಂದೇ ಅಕ್ಷರ ಹೇಳಿದ. ನಡುನಡುವೆ ಅಡುಗೆಯವನ ಕಡೆ ತಿರುಗಿ ಬಿರಿಯಾನಿಯ ಉಪ್ಪಿನ ವಿಚಾರ ಮಾತಾಡಿ, ಎಲ್ಲಿಗೆ ನಿಲ್ಲಿಸಿದ್ದೆನೆಂದು ಸೋಮೇಶನನ್ನೇ ಕೇಳುತ್ತಿದ್ದ. ಬಿರಿಯಾನಿಯ ಸುದ್ದಿ ಕಿವಿಯಲ್ಲಿ, ಒಬ್ಬಟ್ಟಿನ ವಾಸನೆ ಮೂಗಿನಲ್ಲಿ, ಹೊಟ್ಟೆಯಲ್ಲಿ ಜೀರಿಗೆ ಕಷಾಯ. ಮೂರು ಸಲ ತಪ್ಪಿ ನಾಲ್ಕನೇ ಸಲಕ್ಕೆ ಸಾಲು ಸರಿಯಾಯಿತು.

"ಈಗ ಸಾಮಾನಿನ ಪಟ್ಟಿ ತೆಗೀರಿ ಸಾರ್. ಮೇಲ್ಗಡೆ, ಬಚ್ಚಿಟ್ಟಿರೋದನ್ನೂ ತೋರ್ಸು ಅಂತ ಒಂದಿರ್ತದೆ, ಅದನ್ನ ಒತ್ತಿ."

ಸೋಮೇಶ ಒತ್ತಿದ. ಅದುವರೆಗೆ ಒಂದೇ ಕಾರ್ಡಿದ್ದ ಜಾಗದಲ್ಲಿ ನಾಲ್ಕು ಕಾರ್ಡುಗಳು ಎದ್ದು ನಿಂತವು. ಒಂದು ಹೊಳೆಯುತ್ತಿತ್ತು, ಉಳಿದ ಮೂರು ಬೂದಿ ಬಳಿದಂತೆ ಮಸುಕಾಗಿದ್ದವು. ಮಾವನವರು ಹಾಕಿಸಿ, ಮೊನ್ನೆಯವರೆಗೆ ಸಿಡಿಲಿಗೆ ಸತ್ತವೆಲ್ಲ ಒಳಗೇ ಸಾಲಾಗಿ ಕುಳಿತಿದ್ದವು.

"ಮಸುಕಾಗಿರೋವೆಲ್ಲ ಸತ್ತೋಗಿರೋವು ಸಾರ್. ಒಂದೊಂದಾಗಿ ತೆಗೀರಿ. ಒಂದು ಮಾತ್ರ ನೆನಪಿಟ್ಕೊಳಿ, ಯಾವ ಕಾರಣಕ್ಕೂ..."

ಅಷ್ಟರಲ್ಲಿ ಆ ಕಡೆ ಬ್ಯಾಂಡಿನವರು ಬಂದರು. ಗಂಡಿನ ಕಡೆಯವರು ಬಂದರೆಂದು ಯಾರೋ ಕೂಗಿದರು. ಫೋನು ಕಡಿಯಿತು. ಮತ್ತೆ ಮಾಡಿದರೆ ವಸೀಂ ಎತ್ತಲಿಲ್ಲ.

ಸೋಮೇಶ ಮೊದಲನೇ ಮಸುಕು ಕಾರ್ಡಿನ ಮೇಲೆ ಮೌಸ್ ಇಟ್ಟ. ತೆಗೆದುಹಾಕಲೇ, ಖಂಡಿತವೇ ಎಂದು ಕಂಪ್ಯೂಟರು ಕೇಳಿತು. ಆ ಮನೆಯಲ್ಲಿ ಇಂಥದ್ದೊಂದು ವಿಷಯದಲ್ಲಿ ಅವನ ಅಭಿಪ್ರಾಯವನ್ನು ಯಾರಾದರೂ ಕೇಳಿದ್ದು ಅದೇ ಮೊದಲು. ಅವನು ಆರಾಮಕುರ್ಚಿಯನ್ನು ಓರೆಗಣ್ಣಿನಿಂದ ನೋಡಿ, ಖಂಡಿತ ಎಂದು ಒತ್ತಿದ. ಕಾರ್ಡು ಮಾಯವಾಯಿತು. ಎರಡನೆಯದಕ್ಕೆ ಚಪ್ಪಲಿಯನ್ನು ನೆನೆದುಕೊಂಡ. ಮೂರನೆಯದಕ್ಕೆ, ಮನೆಯ ಮುಂದೆ ನಿಂತು "ಚಿಕ್ಕಮಲ್ಲಪ್ನೋರೇ" ಎಂದು ತಿಂಗಳು ತಿಂಗಳೂ ಕೂಗುವ ಕರೆಂಟ್ ಬಿಲ್ಲಿನವನನ್ನು ನೆನೆದುಕೊಂಡ. ಕೈ ಹೇಗೆ ಕುದುರಿತ್ತೆಂದರೆ ನಾಲ್ಕನೆಯದಕ್ಕೂ ಖಂಡಿತ ಎಂದು ಒತ್ತಿದ ಮೇಲೆಯೇ, ಅದು ಹೊಳೆಯುತ್ತಿದ್ದ ಹೊಸ ಕಾರ್ಡೆಂದು ಗೊತ್ತಾದದ್ದು.

ಈಗ ಪಟ್ಟಿಯಲ್ಲಿ ಸತ್ತವರೂ ಇರಲಿಲ್ಲ, ಬದುಕಿದ್ದವನೂ ಇರಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಫೋನೆತ್ತಿದ ವಸೀಂ, "ಯಾವ ಕಾರಣಕ್ಕೂ ಹೊಸದನ್ನ ಮುಟ್ಬೇಡಿ ಅಂತಲೇ ನಾನು ಹೇಳಕ್ಕೆ ಬಂದಿದ್ದು ಸಾರ್" ಎಂದ. "ಇರ್ಲಿ ಬಿಡಿ, ಒಂದ್ಸಲ ಆರ್ಸಿ ಹಚ್ಚಿ. ಅದೇ ಎದ್ದು ಬರ್ತದೆ."

ಸೋಮೇಶ ಆರಿಸಿದ. ಹಚ್ಚುವ ಮೊದಲೇ ಕರೆಂಟು ಹೋಯಿತು.

ಗುಂಡ್ಲುಪೇಟೆಯಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೆಂದು ಕೇಳುವ ಪದ್ಧತಿಯಿಲ್ಲ. ಹೊರಗೆ ಮೋಡ ಕವಿದು ಮಧ್ಯಾಹ್ನವೇ ಸಂಜೆಯಂತಿತ್ತು. ದಾನೇಶ್ವರಿ ಗಂಜಿ ತಂದಿಟ್ಟಳು. ಅತ್ತೆ ಅಡುಗೆಮನೆಯಿಂದ ತುಪ್ಪ ಕರಗಿಸುವ ವಾಸನೆ ಕಳಿಸಿದರು. ಸೋಮೇಶ ಗಂಜಿಯಲ್ಲಿ ತನ್ನ ಮುಖ ನೋಡಿಕೊಂಡ. ಅಲ್ಲಿಯೂ ಅದು ಸ್ಪಷ್ಟವಾಗಿ ಕಾಣಿಸಲಿಲ್ಲ.

"ಒಂದೇ ಒಂದು ಒಬ್ಬಟ್ಟು ತಂದ್ಕೊಡು ದಾನಿ" ಎಂದ ಮೆಲ್ಲಗೆ.

"ಅವ್ವ ಎಣಿಸಿ ಇಟ್ಟವ್ರೆ ಕಣ್ರೀ. ಒಟ್ಟೆನೋವು ಅಂತ ಯಾಕೇಳಕ್ಕೋದ್ರಿ, ತಲೆನೋವು ಅನ್ಬಾರ್ದಿತ್ತಾ?"

ಆ ಬುದ್ಧಿ ಅವನಿಗೆ ಹೊಳೆದಿರಲಿಲ್ಲ. ಹೊಳೆಯುವ ಬುದ್ಧಿಗಳೆಲ್ಲ ಅವನಿಗೆ ಒಂದು ದಿನ ತಡವಾಗಿಯೇ ಹೊಳೆಯುತ್ತಿದ್ದವು. ಗೋಡೆ ಗಡಿಯಾರ ಮೂರು ದಾಟಿತು. ಐದಾದರೆ ಇನ್ನೈದು ವರ್ಷ ಈ ಸ್ಟೂಲು, ಈ ಕಿಟಕಿ, ಈ ಕುರ್ಚಿ. ಮಾವನವರು ಕೆಟ್ಟವರೇನೂ ಆಗಿರಲಿಲ್ಲ. ಬದುಕಿದ್ದಾಗ ಅವರು ಇಷ್ಟು ಜಾಗವನ್ನೂ ಹಿಡಿದಿರಲಿಲ್ಲ.

ನಾಲ್ಕರ ಹತ್ತಿರ ಕರೆಂಟು ಬಂತು. ಕಂಪ್ಯೂಟರು ಹಚ್ಚಿದರೆ, ವಸೀಂ ಹೇಳಿದಂತೆ ಹೊಸ ಕಾರ್ಡು ತಾನಾಗಿಯೇ ಎದ್ದು ಬಂತು. ಸೋಮೇಶ ಉಸಿರು ಬಿಗಿಹಿಡಿದು ಹದಿನೇಳು ಎಂದು ಒತ್ತಿದ. ಯಾವ ತಕರಾರೂ ಬರಲಿಲ್ಲ. ವಿಳಾಸ ಅವನದಾಯಿತು. ಈ ಸಂಪರ್ಕಕ್ಕೆ ಹೆಸರೇನಿಡಲಿ ಎಂದು ನೋಡಿ, ಅವನು ಒಂದೊಂದೇ ಅಕ್ಷರ ಹುಡುಕಿ 'ಸೋಮೇಶ್' ಎಂದು ಬರೆದ. ಬರೆದದ್ದನ್ನು ಸ್ವಲ್ಪ ಹೊತ್ತು ನೋಡುತ್ತಾ ಕುಳಿತ.

ಆಮೇಲೆ ಮೂಲೆಯಲ್ಲಿದ್ದ ಕೆಂಪು ಗುರುತು ಕಣ್ಣಿಗೆ ಬಿತ್ತು. ತಂತಿಯೇ ಕಡಿದಂತೆ ತೋರಿಸುತ್ತಿತ್ತು.

"ಅದು ಈರಮ್ಮ ಸಾರ್" ಎಂದ ವಸೀಂ, ಬಿರಿಯಾನಿ ತಿನ್ನುತ್ತಾ. ಆ ಸಾಲಿನ ನಾಲ್ಕು ಮನೆಗಳಿಗೆ ತಂತಿ ಹಂಚುವ ಡಬ್ಬವನ್ನು ಅವನು ಪಕ್ಕದ ಮನೆಯ ಈರಮ್ಮನ ಮಾಳಿಗೆ ಮೆಟ್ಟಿಲ ಕೆಳಗೆ ಇಟ್ಟಿದ್ದ. ಈರಮ್ಮ ಮುನಿಸಿಕೊಂಡಾಗಲೆಲ್ಲ ಅದರ ಸ್ವಿಚ್ಚು ಆರಿಸಿಬಿಡುತ್ತಿದ್ದರು. "ನಿಮ್ ಮನೆ ಮೇಲೇ ಏನೋ ಕೋಪ. ನೀವೇ ಒಂದ್ಮಾತು ಕೇಳಿ."

ಸೋಮೇಶ ಹಿತ್ತಲ ಗೋಡೆಯ ಬಳಿ ಹೋದ. ಈರಮ್ಮ ಮಾಳಿಗೆಯ ಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು. ಅವರ ಗಂಡ ಪುಟ್ಟಮಾದು, ಕರೆಂಟಾಫೀಸಿನಲ್ಲಿ ಲೈನ್‌ಮನ್ ಆಗಿದ್ದು ನಿವೃತ್ತರಾದವರು, ಕೆಳಗೆ ಕಲ್ಲಿನ ಮೇಲೆ ಕುಳಿತು ಬೀಡಿ ಸೇದುತ್ತಿದ್ದರು.

"ಈರಮ್ಮನೋರೇ, ಆ ಡಬ್ಬದ ಸ್ವಿಚ್ಚು..."

"ಆಕಕ್ಕಿಲ್ಲ" ಎಂದರು ಈರಮ್ಮ. "ಈ ನುಗ್ಗೆಮರ ನೋಡಿ ಅಳಿಯಂದ್ರೆ. ಕೊಂಬೆ ಪೂರ್ತಿ ನಮ್ ಮಾಳಿಗೆ ಮ್ಯಾಲದೆ. ಸಂಡಿಗೆ ಒಣಗಾಕುದ್ರೆ ಸಂಡಿಗೆ ತುಂಬ ಕಂಬ್ಳಿಹುಳ. ನಿಮ್ಮತ್ತೇಗೆ ಏಳುದ್ರೆ, ಯಜಮಾನ್ರು ನೆಟ್ಟ ಮರ, ಅವ್ರನ್ನ ಕೇಳಿ ಏಳ್ತೀನಿ ಅಂತರೆ. ಮೂರ್ ವರ್ಷಾಯ್ತು, ಅವ್ರು ಏನಂದ್ರು ಅಂತ ಇನ್ನೂ ಏಳ್ನಿಲ್ಲ."

"ನಾಳೆ ಕಡಿಸ್ತೀನಿ."

"ನಾಳೆ ಆಕ್ತೀನಿ ಸ್ವಿಚ್ಚು."

ಗಡಿಯಾರ ಕಣ್ಣ ಮುಂದೆ ಬಂತು. ಸೋಮೇಶ ಪಂಚೆ ಎತ್ತಿ ಕಟ್ಟಿ, ಮಚ್ಚು ತಂದು, ಗೋಡೆ ಹತ್ತಿ, ಅಲ್ಲಿಂದ ಮರಕ್ಕೆ ಕಾಲಿಟ್ಟ. ಬೆಳಗಿನಿಂದ ಗಂಜಿಯ ಮೇಲಿದ್ದ ದೇಹ, ಮೇಲೇರಲು ಹಗುರವಾಗಿಯೇ ಇತ್ತು.

"ನುಗ್ಗೆ ಕೊಂಬೇನ ನಂಬ್ಬ್ಯಾಡಿ ಅಳಿಯಂದ್ರೆ" ಎಂದರು ಪುಟ್ಟಮಾದು ಬೀಡಿಯ ಬೂದಿ ಉದುರಿಸುತ್ತಾ. "ಬಲಗಾಲು ಆ ಕವಲ್ಗೆ ಕೊಡಿ. ಅದಲ್ಲ, ಅದು ಮುರೀತದೆ. ನಾನು ಮೂವತ್ತು ವರ್ಷ ಕಂಬ ಅತ್ತಿವ್ನಿ, ನಂಗೊತ್ತು."

ಕಡಿಯಬೇಕಾದ ಕೊಂಬೆಗೆ ನಾಲ್ಕು ಏಟು ಬಿತ್ತು. ಅದು ಈರಮ್ಮನ ಮಾಳಿಗೆಯಿಂದ ಜಾರಿ ಕೆಳಗೆ ಬಿತ್ತು. ಸೋಮೇಶ ಮುಗುಳ್ನಕ್ಕ. ಆ ನಗು ಮುಗಿಯುವ ಮೊದಲೇ ಅವನು ನಿಂತಿದ್ದ ಕೊಂಬೆಯೂ ಸದ್ದಿಲ್ಲದೆ ಮುರಿದು, ಸೊಪ್ಪು, ಹೂವು, ಕಂಬಳಿಹುಳು ಮತ್ತು ಅಳಿಯ ಎಲ್ಲ ಒಟ್ಟಿಗೆ ಕೆಳಗಿಳಿದರು.

"ಅದೇ ಕೊಂಬೆ ಕಣ್ರೀ ನಾನೇಳಿದ್ದು" ಎಂದರು ಪುಟ್ಟಮಾದು.

ಸದ್ದಿಗೆ ದೊಡ್ಡಮಲ್ಲಮ್ಮ ಹಿತ್ತಲಿಗೆ ಬಂದರು. ಯಜಮಾನರ ಮರವನ್ನು ನೋಡಿದರು, ಸೊಪ್ಪಿನೊಳಗೆ ಬಿದ್ದಿದ್ದ ಅಳಿಯನನ್ನು ನೋಡಿದರು.

"ಒಟ್ಟೆನೋವು ಇಟ್ಕಂಡು ಮರ ಯಾಕತ್ತುದ್ರಿ?"

"ನುಗ್ಗೆಸೊಪ್ಪು ಹೊಟ್ಟೆಗೆ ಒಳ್ಳೇದಂತೆ ಅತ್ತೆ."

ದೊಡ್ಡಮಲ್ಲಮ್ಮ ಸೊಪ್ಪಿನ ಮುಂದೆ ಕುಕ್ಕರಗಾಲಲ್ಲಿ ಕುಳಿತರು. ಬೈಯಲಿಲ್ಲ. "ಒಳ್ಳೇದೇ ಆಯ್ತು ಬುಡಿ. ಬಸಾರು ಮಾಡ್ತೀನಿ, ನೀವೇ ಉಣ್ಣೀರಂತೆ" ಎಂದು ಒಂದು ಮಡಿಲು ಸೊಪ್ಪು ಕಿತ್ತುಕೊಂಡು ಒಳಗೆ ಹೋದರು. ಅವರು ಬೈಯದೆ ಹೋದದ್ದು ಏನೋ ಸರಿಯಿಲ್ಲವೆಂದು ಸೋಮೇಶನಿಗೆ ಆಗಲೇ ತೋಚಬೇಕಿತ್ತು. ತೋಚಲಿಲ್ಲ, ಏಕೆಂದರೆ ಮೈಯೆಲ್ಲ ತುರಿಸುತ್ತಿತ್ತು.

ಈರಮ್ಮ ಮಾತಿಗೆ ತಪ್ಪದೆ ಸ್ವಿಚ್ಚು ಹಾಕಿದರು. ಕೆಂಪು ಗುರುತು ಹೋಯಿತು. ಸೋಮೇಶ ಒಂದು ಕೈಯಲ್ಲಿ ಬೆನ್ನು ಕೆರೆದುಕೊಳ್ಳುತ್ತಾ ಇನ್ನೊಂದು ಕೈಯಲ್ಲಿ ಇಲಾಖೆಯ ಪುಟ ತೆರೆದ. ಪುಟ ಮೇಲಿನಿಂದ ಕೆಳಕ್ಕೆ ಗೆರೆಗೆರೆಯಾಗಿ ಇಳಿಯುತ್ತಿತ್ತು. ಗಡಿಯಾರದ ದೊಡ್ಡ ಮುಳ್ಳು ಮಾತ್ರ ಆ ದಿನ ಅವಸರದಲ್ಲಿತ್ತು. ಕಡೆಗೂ ಎರಡು ಊರುಗಳೂ ಬಂದು ನಿಂತವು. ಕೊಳ್ಳೇಗಾಲ ಮೇಲಿತ್ತು, ಚಾಮರಾಜನಗರ ಕೆಳಗಿತ್ತು. ಒಂದು ಕ್ಷಣ ಅವನ ಕೈ ಕೊಳ್ಳೇಗಾಲದ ಮೇಲೆ ಸುಮ್ಮನೆ ನಿಂತಿತು. ಆಮೇಲೆ ಕೆಳಗಿಳಿದು ಚಾಮರಾಜನಗರವನ್ನು ಒತ್ತಿತು.

ನಿಮ್ಮ ಆಯ್ಕೆಯನ್ನು ಸ್ವೀಕರಿಸಲಾಗಿದೆ, ಇನ್ನು ಬದಲಾವಣೆಗೆ ಅವಕಾಶವಿಲ್ಲ ಎಂದು ಬಂತು. ಅದರ ಹಿಂದೆಯೇ ಕರೆಂಟು ಹೋಯಿತು. ಹೋದರೆ ಹೋಗಲಿ ಎಂದುಕೊಂಡ ಸೋಮೇಶ. ನಡುಮನೆಯ ಕತ್ತಲಲ್ಲಿ, ಕಂಬಳಿಹುಳು ಕಡಿದ ಕುತ್ತಿಗೆಯನ್ನು ನೀವಿಕೊಳ್ಳುತ್ತಾ, ಅವನು ಏಳು ವರ್ಷದಲ್ಲಿ ಮೊದಲ ಸಲ ನೆಮ್ಮದಿಯಾಗಿ ಕುಳಿತ. ಗಡಿಯಾರ ಐದು ಹೊಡೆಯಿತು.

ದೊಡ್ಡಮಲ್ಲಮ್ಮ ದೀಪ ಹಿಡಿದು ಬಂದರು. ಹಿಂದೆ ದಾನೇಶ್ವರಿ, ಕೈಯಲ್ಲಿ ಬಾಳೆಲೆ.

"ಮುಗೀತಾ ಅಳಿಯಂದ್ರೆ? ನಗರವೇ ತಾನೆ ಒತ್ತುದ್ದು?" ಎಂದು ಅತ್ತೆ ಕೇಳಿದರು.

ಸೋಮೇಶ ಎದ್ದು ನಿಂತ. ಹೆಂಡತಿಯ ಕಡೆ ನೋಡಿದ.

"ನಾನೇನ್ ಮಾಡ್ಲಿ ಕಣ್ರೀ" ಎಂದಳು ದಾನೇಶ್ವರಿ. "ಅವ್ವ ಕೇಳುದ್ರೆ ಸುಳ್ಳೇಳಕ್ಕಾಯ್ತದಾ?"

"ಅವ್ಳು ಮೊದ್ಲ ದಿನವೇ ಏಳುದ್ಲು" ಎಂದರು ದೊಡ್ಡಮಲ್ಲಮ್ಮ. "ನೀವೇ ಬಾಯ್ಬುಟ್ಟು ಏಳ್ತೀರೇನೋ ಅಂತ ಕಾದೆ. ಏಳ್ನಿಲ್ಲ. ಇರ್ಲಿ ಬುಡಿ, ನಿಮ್ಗೆ ನಾಚ್ಕೆ ಜಾಸ್ತಿ. ಈರಮ್ಮಂಗೆ ನಾನೊಂದ್ಮಾತು ಅಂದಿದ್ರೆ ಸ್ವಿಚ್ಚು ಆಕೋಳು. ಆದ್ರೆ ನೀವು ಗುಟ್ಟಾಗಿ ಮಾಡ್ತಿದ್ರಲ್ಲ, ನಾನ್ಯಾಕೆ ಮಧ್ಯ ಬಾಯಾಕ್ಲಿ ಅಂತ ಸುಮ್ನಾ‌ದೆ."

"ನಿಮ್ಗೆ ಬೇಜಾರಿಲ್ವಾ ಅತ್ತೆ?" ಎಂದು ಸೋಮೇಶ ತಡವರಿಸಿದ. ಇಷ್ಟು ಒಳ್ಳೆಯವರನ್ನು ಒಂಟಿಯಾಗಿ ಬಿಟ್ಟು ಹೋಗುತ್ತಿದ್ದೇನಲ್ಲ ಎಂದು ಅವನಿಗೆ ನಿಜವಾಗಿಯೂ ಕಣ್ಣು ತುಂಬಿತು.

"ಬೇಜಾರ್ಯಾಕೆ? ಸಾಯೋ ಗಳಿಗೇಲೂ ಅವ್ರ ಬಾಯಲ್ಲಿ ಅದೇ ಮಾತಿತ್ತು, ನಗರದ ಮನೆಗೆ ಓಗ್ಬೇಕು, ನಗರದ ಮನೆಗೆ ಓಗ್ಬೇಕು ಅಂತ. ದಾನಿ ಏಳಿದ ದಿನವೇ ಎಣ್ಣೆ ಯಾಪಾರದವ್ರಿಗೆ ಏಳಿ ಕಳಿಸ್ದೆ, ಪಾಪ ಬುಟ್ಕೊಟ್ರು. ಸುಣ್ಣಬಣ್ಣ ಎಲ್ಲಾ ಆಗದೆ. ನಿಮ್ ಕಚೇರಿಯಿಂದ ನಾಕೆಜ್ಜೆ."

ಸೋಮೇಶ ಸ್ಟೂಲನ್ನು ಹಿಡಿದುಕೊಂಡ. "ಅಂದ್ರೆ, ನೀವೂ ಬರ್ತೀರಾ ಅತ್ತೆ?"

"ಅಯ್ಯೋ, ನಂಗೇನು ಆಸೆ ಕಣಪ್ಪ ಈ ವಯಸ್ನಲ್ಲಿ? ನಿಮ್ ಮಾವ್ನೋರು ಓಯ್ತವ್ರೆ. ಅವ್ರೋದ್ಮೇಲೆ ನಾನಿಲ್ಲಿ ಒಬ್ಳೇ ಇರಕ್ಕಾಯ್ತದಾ?"

ಅವರು ದೀಪವನ್ನು ಫೋಟೊದ ಕಡೆ ಎತ್ತಿದರು. ಸೋಮೇಶ ಇಷ್ಟು ದಿನ ಆ ಫೋಟೊದ ಕೆಳಗೇ ಕುಳಿತಿದ್ದರೂ ಅದನ್ನು ಸರಿಯಾಗಿ ನೋಡಿರಲಿಲ್ಲ. ಮಾವನವರ ಹೆಗಲ ಹಿಂದೆ ಕಲ್ಲಿನ ಬಾಗಿಲುವಾಡ ಇತ್ತು, ಅದರ ನೆತ್ತಿಯ ಮೇಲೆ ದಪ್ಪ ದಪ್ಪ ಅಕ್ಷರಗಳಿದ್ದವು.

"ಇಲ್ಲಿ ಬಣ್ಣದಲ್ಲಿ ಬರ್ಸಿದ್ದು, ಮಳೆಗೆಲ್ಲಾ ತೊಳ್ಕಂಡೋಯ್ತು" ಎಂದರು ದೊಡ್ಡಮಲ್ಲಮ್ಮ. "ಅಲ್ಲಿ ಕಲ್ಲಲ್ಲೇ ಕೆತ್ಸವ್ರೆ, ಚಿಕ್ಕಮಲ್ಲಪ್ಪ ನಿಲಯ ಅಂತ. ಇನ್ನೂ ನೂರು ವರ್ಷ ಅಳ್ಳಾಡಕ್ಕಿಲ್ಲ."

ದಾನೇಶ್ವರಿ ಆರಾಮಕುರ್ಚಿಯ ಮುಂದೆ ಬಾಳೆಲೆ ಹಾಸಿದಳು. ಅತ್ತೆ ಅದರ ಮೇಲೆ ತುಪ್ಪ ಸುರಿದ ಒಬ್ಬಟ್ಟುಗಳನ್ನಿಟ್ಟು ಮಾವನವರಿಗೆ ಕೈ ಮುಗಿದರು. ಸೋಮೇಶನಿಗೆ ಈಗ ನಿಜವಾಗಿಯೇ ಹೊಟ್ಟೆ ನೋಯುತ್ತಿತ್ತು. ಕೊಳ್ಳೇಗಾಲ, ಕೊಳ್ಳೇಗಾಲ ಎಂದು ಅವನ ಮನಸ್ಸು ಒಳಗೇ ಬಡಿದುಕೊಳ್ಳುತ್ತಿತ್ತು. ಆರಿಹೋದ ಪರದೆಯಲ್ಲಿ ಯಾರ ಹೆಸರೂ ಇರಲಿಲ್ಲ.

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಮದುವೆಮನೆಯಿಂದ ವಸೀಂ. ಹೊಟ್ಟೆ ತುಂಬಿದ ದನಿ.

"ಸಾರ್, ನಗರಕ್ಕೆ ಬರ್ತಿದ್ದೀರಂತಲ್ಲ, ನಿಮ್ಮತ್ತೆ ಅವತ್ತೇ ಹೇಳಿದ್ರು. ನೆಟ್ಟಿಗೇನೂ ತಲೆ ಕೆಡಿಸ್ಕೋಬೇಡಿ. ಇಲ್ಲಿ ಕೇಬಲ್ಲು ನಮ್ಮ ಭಾವಂದೇ. ಹೊಸ ಹೆಸರೆಲ್ಲ ಬರೆಸಕ್ಕೆ ಹೋದ್ರೆ ತಡ ಆಗ್ತದೆ, ಅದಕ್ಕೆ ಮಾವನೋರ ಹೆಸರಲ್ಲೇ ಬರೆಸ್ಬಿಟ್ಟೆ. ನಂಬರೂ ಹದಿನೇಳೇ ಕೊಡ್ತಾರಂತೆ."

ಸೋಮೇಶ ಉಪಕಾರವಾಯಿತು ಎಂದು ಹೇಳಿ ಫೋನಿಟ್ಟ.

ದೊಡ್ಡಮಲ್ಲಮ್ಮ ಆಗಲೇ ಸೆರಗು ಸಿಕ್ಕಿಸಿಕೊಂಡು ಯಾವುದನ್ನು ಸಾಗಿಸಬೇಕೆಂದು ನಡುಮನೆಯನ್ನು ಅಳೆಯತೊಡಗಿದ್ದರು. "ಟೆಂಪೋಗೆ ಮೊದ್ಲು ಕುರ್ಚಿ ಏರುಸ್ಬೇಕು, ಕಂಬ್ಳಿ ಸುತ್ತಿ. ಚಪ್ಪಲಿ ನನ್ ತೊಡೆ ಮ್ಯಾಲೇ ಇರ್ಲಿ. ಕೊಡೆ, ಫೋಟೊ, ಕಂಪ್ಯೂಟ್ರು ಎಲ್ಲಾ ಬತ್ತದೆ." ಅವರ ಕಣ್ಣು ಸೋಮೇಶ ಹಿಡಿದುಕೊಂಡಿದ್ದ ನೀಲಿ ಸ್ಟೂಲಿನ ಮೇಲೆ ಬಂದು ನಿಂತಿತು.

"ಆ ಸ್ಟೂಲು ಮಾತ್ರ ಇಲ್ಲೇ ಬುಟ್ಬುಡಿ ಅಳಿಯಂದ್ರೆ" ಎಂದರು. "ಅಲ್ಲಿ ಅದುಕ್ಕೆ ಜಾಗ ಇಲ್ಲ."